ವ್ಯಾಯಾಮ ಹೊರೆಯಾಗದಿರಲಿ

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಮದೀನಾದ ತಮ್ಮ ಮಸೀದಿಯನ್ನು ಪ್ರವೇಶಿಸಿದಾಗ ಎರಡು ಕಂಬಗಳ ನಡುವೆ ಹಗ್ಗವೊಂದನ್ನು ಕಟ್ಟಿರುವುದು ಕಣ್ಣಿಗೆ ಬಿತ್ತು. ಇದೇನೆಂದು ವಿಚಾರಿಸಿದರು. ಇದು ಹ. ಝೈನಬ್(ರ)ರದು, ನಮಾಝ್‌ನಲ್ಲಿ ನಿಂತು ನಿಂತು ದಣಿದಾಗ ಅವರು ಇದನ್ನು ಹಿಡಿದುಕೊಳ್ಳುತ್ತಾರೆ ಎಂದು ಅಲ್ಲಿದ್ದವರು ತಿಳಿಸಿದರು. ಪ್ರವಾದಿವರ್ಯರು(ಸ) ಅದನ್ನು ಮೆಚ್ಚಲಿಲ್ಲ. ಹಗ್ಗವನ್ನು ಬಿಚ್ಚಿಬಿಡಲು ಹೇಳಿದರು. ಹುರುಪಿರುವಷ್ಟು ಹೊತ್ತು ನಮಾಝ್ ಮಾಡಲಿ, ದಣಿವಾದಾಗ ಕುಳಿತುಕೊಳ್ಳಲಿ ಎಂಬುದು ಅವರ ಆದೇಶವಾಗಿತ್ತು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಈ ಘಟನೆ ವರದಿಯಾಗಿದೆ.

ಪ್ರಿಯ ಓದುಗರೇ, ಮನುಷ್ಯನು ಸೃಷ್ಟಿಸಲ್ಪಟ್ಟದ್ದೇ ಆರಾಧನೆಗಾಗಿ. ಅಂತಹ ಆರಾಧನೆಯಲ್ಲಿಯೇ ಹಗ್ಗಕ್ಕೆ ಜೋತುಬಿದ್ದು ನಿಲ್ಲುವುದು ಬೇಡವೆಂದಾದರೆ ಇನ್ನು ನಡಿಗೆ, ಓಟ, ಕಸರತ್ತುಗಳ ಮಾತೇನು? ಆದರೆ ನಾವು ವ್ಯಾಯಾಮಕ್ಕೆ ತೊಡಗುವುದೇ ಹಗ್ಗ ಕಟ್ಟಿಕೊಂಡು. ವೈದ್ಯರು ರಕ್ತ ಪರೀಕ್ಷೆಯ ಚೀಟಿಯನ್ನು ನೋಡಿ ಹುಬ್ಬು ಗಂಟಿಕ್ಕಿದ ದಿನ ಸಂಕಲ್ಪ ಮಾಡುತ್ತೇವೆ. ಸಂಜೆಯೇ ಹೊಸ ಬೂಟು ಬರುತ್ತದೆ. ಮರುದಿನ ಒಂದೇ ಉಸಿರಿಗೆ ಐದಾರು ಕಿಲೋಮೀಟರ್ ನಡೆದು ಬಂದು ಮಂಚಕ್ಕೆ ಬೀಳುತ್ತೇವೆ. ಹತ್ತನೆಯ ದಿನಕ್ಕೆ ಬೂಟು ಬಾಗಿಲ ಮೂಲೆಯನ್ನು ಸೇರುತ್ತದೆ, ಹದಿನೈದನೆಯ ದಿನಕ್ಕೆ ಅದರೊಳಗೆ ಜೇಡ ಮನೆ ಕಟ್ಟುತ್ತದೆ. ಬಳಿಕ ನಮ್ಮನ್ನು ನಾವೇ ಸೋಮಾರಿಗಳೆಂದು ನಿಂದಿಸಿಕೊಂಡು ಸುಮ್ಮನಾಗುತ್ತೇವೆ.

ಸೋಮಾರಿತನ ಕೆಟ್ಟದ್ದು, ಸಂದೇಹವಿಲ್ಲ. ಅಸಹಾಯಕತೆ ಮತ್ತು ಸೋಮಾರಿತನದಿಂದ ಅಲ್ಲಾಹನ ಅಭಯ ಯಾಚಿಸುವ ಪ್ರಾರ್ಥನೆಯನ್ನು ಪ್ರವಾದಿವರ್ಯರೇ(ಸ) ಕಲಿಸಿದ್ದಾರೆ. ಆದರೆ ಈ ವಿಷಯದಲ್ಲಿ ಎಲ್ಲ ದೋಷವನ್ನೂ ಸೋಮಾರಿತನದ ತಲೆಗೆ ಕಟ್ಟುವುದು ಸರಿಯೆಂದು ನನಗೆ ತೋರುವುದಿಲ್ಲ. ಇಷ್ಟವಿಲ್ಲದ ಕೆಲಸವನ್ನು ಯಾರೂ ಬಹಳ ದಿನ ಮಾಡಲಾರರು. ಸಂತೋಷವಿಲ್ಲದೆ ಆರಂಭಿಸಿದ್ದರಿಂದಲೇ ಅದು ನಿಂತುಹೋಯಿತು. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮವು ಅಲ್ಪವಾದರೂ ನಿರಂತರವಾಗಿರುವ ಕರ್ಮ ಎಂಬ ಪ್ರವಾದಿ ಬೋಧನೆಯನ್ನು ನಾವೆಲ್ಲ ಬಲ್ಲೆವು. ನಿರಂತರವಾಗಿರಬೇಕಾದರೆ ಅದು ಮನಸ್ಸಿಗೆ ಒಗ್ಗಬೇಡವೇ?

ನಮ್ಮ ಭಾಷೆಯಲ್ಲಿ ಬಳಕೆಯಲ್ಲಿರುವ ಕಸರತ್ತು ಎಂಬ ಪದವನ್ನೇ ನೋಡಿರಿ. ಅದು ಅರಬಿ ಮೂಲದ್ದು, ಪಾರ್ಸಿ-ಉರ್ದುಗಳ ಮೂಲಕ ನಮ್ಮಲ್ಲಿಗೆ ಬಂದಿತು. ಮೂಲದಲ್ಲಿ ಅದಕ್ಕೆ ಹೆಚ್ಚಳ, ಮತ್ತೆ ಮತ್ತೆ ಎಂಬ ಅರ್ಥವಿದೆಯೇ ಹೊರತು ಕಷ್ಟವೆಂಬ ಅರ್ಥವಿಲ್ಲ. ತಾಲೀಮು ಎಂಬುದರ ಕತೆ ಇನ್ನೂ ಸ್ವಾರಸ್ಯಕರ. ಮದ್ರಸದಲ್ಲಿ ತಾಲೀಮ್ ಎಂದರೆ ವಿದ್ಯೆ, ಬೋಧನೆ. ನಮ್ಮ ಸೀಮೆಯ ಓಣಿಗಳಲ್ಲಿ ತಾಲೀಮು ಎಂದರೆ ಕೆಮ್ಮಣ್ಣಿನ ಗರಡಿ. ಒಂದೇ ಪದ ಎರಡು ಮನೆಗಳಲ್ಲಿ ಬಾಳುತ್ತಿದೆ. ಪವಿತ್ರ ಕುರ್‌ಆನ್ ತಾಲೂತ್‌ರನ್ನು ಅರಸನನ್ನಾಗಿ ಆರಿಸಿದ ಸಂದರ್ಭದಲ್ಲಿ ಅವರಿಗೆ ಕೊಡಲಾದ ಎರಡು ಅನುಗ್ರಹಗಳನ್ನು ಜೊತೆಯಾಗಿಯೇ ಹೇಳುತ್ತದೆ: ಜ್ಞಾನದ ವೈಶಾಲ್ಯ ಮತ್ತು ದೇಹದ ಬಲ. ಮದ್ರಸದಲ್ಲಿ ಕಲಿತ ನಾವು ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಪೈಲ್ವಾನರಿಗೆ ಬಿಟ್ಟುಕೊಟ್ಟೆವು.

ಇದರಲ್ಲಿ ಕಳೆದುಕೊಳ್ಳುವುದು ಏನೆಂದು ತಿಳಿಯಬೇಕಾದರೆ ಮುಂದಿನ ಶುಕ್ರವಾರ ನಿಮ್ಮ ಮಸೀದಿಯ ಸಾಲುಗಳ ತುದಿಯನ್ನು ನೋಡಿರಿ. ಕುರ್ಚಿಗಳು ಎಷ್ಟಿವೆ? ಅವುಗಳಲ್ಲಿ ಕುಳಿತವರೆಲ್ಲ ವಯೋವೃದ್ಧರೇ? ರೋಗಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ, ಅದನ್ನು ಬಳಸುವವರನ್ನು ಆಕ್ಷೇಪಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ನಲವತ್ತೈದರ ಪ್ರಾಯದಲ್ಲಿಯೇ ಮಂಡಿ ಮಡಿಸಲಾಗದೆ, ಹಣೆಯನ್ನು ನೆಲಕ್ಕೆ ಮುಟ್ಟಿಸುವ ಭಾಗ್ಯ ತಪ್ಪಿಹೋದವನ ಸಂಕಟವನ್ನು ಅವನ ಬಾಯಿಯಿಂದಲೇ ಕೇಳಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೃಹತ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ವಯಸ್ಕರಲ್ಲಿ 100ಕ್ಕೆ 11ಕ್ಕಿಂತ ಹೆಚ್ಚು ಮಂದಿ. ರಮಝಾನ್ ಬಂದಾಗ ಉಪವಾಸ ಹಿಡಿಯಬಹುದೇ, ಬಾರದೇ ಎಂದು ವೈದ್ಯರ ಮನೆಗೂ ಮೌಲವಿಗಳ ಮನೆಗೂ ಅಲೆಯುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಎಲ್ಲ ಕಾಯಿಲೆಯೂ ನಡೆಯದೆ ಕುಳಿತದ್ದರಿಂದಲೇ ಬರುತ್ತದೆ ಎನ್ನಲಾಗದು. ಆದರೆ ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಉರಿಸುತ್ತವೆ ಎಂಬುದು ಶರೀರಶಾಸ್ತ್ರದ ಸರಳ ಸತ್ಯ. ಊಟವಾದ ಬಳಿಕ ಹತ್ತು ಹದಿನೈದು ನಿಮಿಷ ನಡೆದರೂ ಅದರ ಪ್ರಯೋಜನವಿದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಈ ಉಪದೇಶ ಎಲ್ಲರಿಗೂ ಅಲ್ಲ. ದೇವದುರ್ಗದ ಕಡೆಯಿಂದ ಬೆಂಗಳೂರಿಗೆ, ಪುಣೆಗೆ ಗುಳೆ ಹೋಗಿ ದಿನವಿಡೀ ಇಟ್ಟಿಗೆ, ಕಾಂಕ್ರೀಟು ಹೊರುವವನಿಗೆ ಬೇಕಾದದ್ದು ವ್ಯಾಯಾಮವಲ್ಲ, ವಿಶ್ರಾಂತಿ ಮತ್ತು ಹೊಟ್ಟೆ ತುಂಬ ಊಟ. ಮಾನ್ವಿಯ ಗದ್ದೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಗಿ ನಾಟಿ ಮಾಡುವ ಹೆಣ್ಣುಮಗಳಿಗೆ ಮುಂಜಾನೆಯ ನಡಿಗೆಯ ಮಹಿಮೆಯನ್ನು ಬೋಧಿಸುವುದು ಕ್ರೌರ್ಯವೇ ಸರಿ. ಈ ಮಾತು ಅಂಗಡಿಯ ಗಲ್ಲೆಯ ಹಿಂದೆ ಕುಳಿತಿರುವವರಿಗೆ, ಕಚೇರಿಯವರಿಗೆ, ನನ್ನಂತಹ ಶಿಕ್ಷಕರಿಗೆ, ಮೊಬೈಲಿನ ಮೇಲೆ ಕತ್ತು ಬಾಗಿಸಿದ ಮಕ್ಕಳಿಗೆ ಮತ್ತು ನಾಲ್ಕು ಗೋಡೆಗಳ ನಡುವೆಯೇ ದಿನ ಮುಗಿಸುವ ಗೃಹಿಣಿಯರಿಗೆ. ಮಾನ್ವಿಯಲ್ಲಿಯೂ ಟ್ರ್ಯಾಕ್ಟರ್ ಮತ್ತು ಭತ್ತ ಕೊಯ್ಯುವ ಯಂತ್ರ ಬಂದ ಮೇಲೆ ಗದ್ದೆಯ ಒಡೆಯ ಬದುವಿನ ಮೇಲೆ ಬೈಕಿನಲ್ಲಿಯೇ ಸುತ್ತಿ ಬರುತ್ತಾನೆ, ಅವನೂ ಈ ಪಟ್ಟಿಗೆ ಸೇರಿದವನೇ.

ನಮಾಝ್ ಇದೆಯಲ್ಲ, ಅದೇ ವ್ಯಾಯಾಮ, ಬೇರೆ ಏಕೆ ಎನ್ನುವವರಿದ್ದಾರೆ. ಸಹೋದರರೇ, ನಮಾಝನ್ನು ಕಸರತ್ತಿನ ಮಟ್ಟಕ್ಕೆ ಇಳಿಸಬೇಡಿರಿ. ಅದು ಪ್ರಭುವಿನ ಮುಂದೆ ದಾಸನ ನಿಲುವು. ಅದರಲ್ಲಿ ದೇಹಕ್ಕೂ ಹಿತವಿರಬಹುದು, ಆದರೆ ಅದರ ಉದ್ದೇಶ ಅದಲ್ಲ. ಹೃದಯದ ಬಡಿತ ಏರುವಷ್ಟು, ಉಸಿರು ತುಸು ಬಿರುಸಾಗುವಷ್ಟು ಶ್ರಮ ಅದರಲ್ಲಿ ಇಲ್ಲ. ದಿನಕ್ಕೆ ಐದು ಹೊತ್ತು ನಮಾಝ್ ಮಾಡುತ್ತಿದ್ದ ಸಹಾಬಿಗಳೇ ಓಡುತ್ತಿದ್ದರು, ಬಿಲ್ಲು ಹಿಡಿಯುತ್ತಿದ್ದರು, ಕುದುರೆ ಓಡಿಸುತ್ತಿದ್ದರು.

ಅದೂ ಹೇಗೆ? ಮುಖ ಗಂಟಿಕ್ಕಿಕೊಂಡಲ್ಲ! ಸಲಮಾ ಬಿನ್ ಅಕ್ವಅ್(ರ)ರ ಪ್ರಸಂಗವನ್ನು ಓದಿರಿ. ಒಂದು ದಂಡಯಾತ್ರೆಯಿಂದ ಮದೀನಾಕ್ಕೆ ಹಿಂದಿರುಗುವಾಗ, ಓಟದಲ್ಲಿ ಎಂದೂ ಸೋಲದ ಅನ್ಸಾರಿಯೊಬ್ಬರು ತನ್ನೊಂದಿಗೆ ಮದೀನಾದವರೆಗೆ ಓಡುವವರು ಯಾರಾದರೂ ಇದ್ದೀರಾ ಎಂದು ಸವಾಲು ಹಾಕುತ್ತಲೇ ಇದ್ದರು. ಸಲಮಾ(ರ)ರಿಗೆ ತಡೆದುಕೊಳ್ಳಲಾಗಲಿಲ್ಲ. ಅವರು ಪ್ರವಾದಿವರ್ಯರ(ಸ) ಒಂಟೆಯ ಮೇಲೆ ಅವರ ಹಿಂದೆಯೇ ಕುಳಿತಿದ್ದರು. ಅಪ್ಪಣೆ ಕೇಳಿದರು, ಅಪ್ಪಣೆ ಸಿಕ್ಕಿತು, ಜಿಗಿದು ಓಡಿದರು, ಮದೀನಾ ಸೇರುವಷ್ಟರಲ್ಲಿ ಗೆದ್ದರು. ಯುದ್ಧದ ದಣಿವಿನ ನಡುವೆ ಅಲ್ಲಾಹನ ಸಂದೇಶವಾಹಕರು(ಸ) ಈ ಓಟಕ್ಕೆ ಒಪ್ಪಿಗೆ ಕೊಟ್ಟರು. ಇದೇನು ಮಕ್ಕಳಾಟ ಎನ್ನಲಿಲ್ಲ.

ಹ. ಆಯಿಶಾ(ರ)ರೊಂದಿಗಿನ ಓಟದ ಸಂಗತಿ ನಮ್ಮ ಮಹಿಳೆಯರಿಗೆ ತಿಳಿದದ್ದೇ. ಒಂದು ಪ್ರಯಾಣದಲ್ಲಿ ಪ್ರವಾದಿವರ್ಯರು(ಸ) ಜೊತೆಗಾರರನ್ನು ಮುಂದೆ ಹೋಗಲು ಹೇಳಿ, ಪತ್ನಿಯೊಂದಿಗೆ ಓಟದ ಪಂದ್ಯ ಹೂಡಿದರು. ತೆಳ್ಳಗಿದ್ದ ಆಯಿಶಾ(ರ)ರೇ ಗೆದ್ದರು. ವರ್ಷಗಳು ಕಳೆದು ಅವರು ಮೈ ತುಂಬಿಕೊಂಡ ಬಳಿಕ ಇನ್ನೊಂದು ಪ್ರಯಾಣದಲ್ಲಿ ಮತ್ತೆ ಓಡಿದಾಗ ಪ್ರವಾದಿವರ್ಯರು(ಸ) ಮುಂದಾದರು, ಅಂದಿನದಕ್ಕೆ ಇದು ಸಾಟಿಯಾಯಿತೆಂದು ನಕ್ಕರು. ಈ ಪ್ರಸಂಗವನ್ನು ದಾಂಪತ್ಯ ಪ್ರೇಮದ ದೃಷ್ಟಾಂತವಾಗಿ ಪ್ರವಚನಗಳಲ್ಲಿ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಅದರಲ್ಲಿರುವ ಒಂದು ಎಳೆ ನಮ್ಮ ಗಮನಕ್ಕೆ ಬರುವುದು ಕಡಿಮೆ. ಮರ್ಯಾದೆಗೆ ಭಂಗ ಬಾರದಂತೆ ಏಕಾಂತವನ್ನು ಒದಗಿಸಿಕೊಟ್ಟವರು ಸ್ವತಃ ಪತಿ. ಹೆಂಗಸರಿಗೆ ವ್ಯಾಯಾಮವೇಕೆ ಎಂದು ಕೇಳಲಿಲ್ಲ, ಅದಕ್ಕೆ ಅವಕಾಶವನ್ನು ಏರ್ಪಡಿಸಿದರು.

ರಾಯಚೂರಿನ ಹಳೆಯ ಮೊಹಲ್ಲಾಗಳಲ್ಲಿ ಈ ಏರ್ಪಾಟನ್ನು ಮಾಡುವ ಗಂಡಂದಿರು ಎಷ್ಟು ಮಂದಿ? ತಾವು ಫಜ್ರ್ ಮುಗಿಸಿ ಕ್ರೀಡಾಂಗಣದ ಸುತ್ತ ನಡೆದು, ಗೆಳೆಯರೊಂದಿಗೆ ಚಹಾ ಕುಡಿದು ಎಂಟು ಗಂಟೆಗೆ ಮನೆಗೆ ಬಂದು, ಪತ್ನಿಯ ಮಂಡಿ ನೋವಿಗೆ ಮುಲಾಮು ತಂದುಕೊಡುವುದೇ ಪರಿಹಾರವೆಂದು ತಿಳಿದವರಿದ್ದಾರೆ. ಹ. ಅಸ್ಮಾ ಬಿನ್ತ್ ಅಬೂಬಕರ್(ರ)ರು ಮದೀನಾದ ಹೊರಗಿದ್ದ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ಮೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಬರುತ್ತಿದ್ದರೆಂದು ಬುಖಾರಿಯಲ್ಲಿದೆ. ಅಂತಹ ಸ್ತ್ರೀಯರ ಸಮುದಾಯ ಇದು. ನಮ್ಮ ಊರಿನ ಮಾಳಿಗೆ ಮನೆಗಳ ಮೇಲ್ಛಾವಣಿಗಳಿಗೆ ನಾಲ್ಕು ಅಡಿಯ ತಡೆಗೋಡೆಯಿದ್ದರೆ ಅದೇ ಒಂದು ಮೈದಾನ. ಬೇಸಿಗೆಯಲ್ಲಿ ಮಲಗುವುದಕ್ಕೆ ಮಾತ್ರ ಅದನ್ನು ಏಕೆ ಬಳಸಬೇಕು? ಅಕ್ಕಪಕ್ಕದ ಮನೆಗಳ ನಾಲ್ಕೈದು ಹೆಂಗಸರು ಅಸ್ರ್ ನಂತರ ಸೇರಿ, ಮಕ್ಕಳ ಹಗ್ಗದಾಟದಲ್ಲಿ ತಾವೂ ಪಾಲ್ಗೊಳ್ಳಲಿ. ಕುಂಟೆಬಿಲ್ಲೆ ಆಡಲಿ. ನಗು ಬೀದಿಗೆ ಕೇಳಿಸಿದರೆ ಪ್ರಳಯವಾಗದು. ಒಟ್ಟಾಗಿ ಹೊರಗೆ ನಡೆಯಲು ಹೊರಡುವುದಾದರೆ ಕೃಷಿ ವಿಶ್ವವಿದ್ಯಾಲಯದ ಕಡೆಯ ವಿಶಾಲ ರಸ್ತೆಗಳಿವೆ. ಆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳುವುದು ಯಾರ ಹೊಣೆ ಎಂದು ಕೇಳಿದರೆ, ಮನೆಯಲ್ಲಿ ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಾ ಮನೆವಾರ್ತೆಯಲ್ಲಿ ನೆರವಾಗುತ್ತಿದ್ದ ಪ್ರವಾದಿಯ(ಸ) ಅನುಯಾಯಿಗಳು ನಾವು ಎಂಬುದು ಉತ್ತರ.

ಆಟ, ವಿನೋದ ಎಂದೊಡನೆ ನಮ್ಮ ಕೆಲವು ಹಿರಿಯರಿಗೆ ಇರಿಸುಮುರಿಸು. ಅದು ಕಾಲಹರಣ, ವ್ಯರ್ಥ ಎನ್ನುತ್ತಾರೆ. ಕಾಲಹರಣದ ಆಟಗಳಿವೆ, ಜೂಜಿನ ಆಟಗಳಿವೆ, ನಮಾಝ್‌ನ ಹೊತ್ತನ್ನು ನುಂಗುವ ಆಟಗಳಿವೆ, ಅವುಗಳ ಬಗ್ಗೆ ಅವರ ಆಕ್ಷೇಪ ನ್ಯಾಯವಾದದ್ದು. ಆದರೆ ವ್ಯರ್ಥ ವಿನೋದಗಳನ್ನು ತಿರಸ್ಕರಿಸಿದ ಅದೇ ಹದೀಸ್‌ನಲ್ಲಿ ಬಿಲ್ಲುಗಾರಿಕೆ, ಕುದುರೆಯ ಪಳಗಿಸುವಿಕೆ ಮತ್ತು ಮಡದಿಯೊಂದಿಗಿನ ಆಟಗಳಿಗೆ ವಿನಾಯಿತಿಯಿದೆ. ಯೂಸುಫ್(ಅ)ರ ಅಣ್ಣಂದಿರು ತಂದೆಯ ಬಳಿ ಬಂದು, ತಮ್ಮನನ್ನು ಆಡಲು ಕಳಿಸಿರೆಂದು ಕೇಳಿದಾಗ ಯಾಕೂಬ್(ಅ)ರು ಏನೆಂದು ಆಕ್ಷೇಪಿಸಿದರು? ತೋಳದ ಭಯವನ್ನು ಹೇಳಿದರು. ಆಟವು ಪ್ರವಾದಿಯ ಮಗನಿಗೆ ತಕ್ಕುದಲ್ಲ ಎನ್ನಲಿಲ್ಲ.

ಆಟವನ್ನು ನೋಡುವುದು ಮಾತ್ರ ಆಟವಾಗಿಬಿಟ್ಟಿರುವುದೇ ಇಂದಿನ ತೊಂದರೆ. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲನ್ನು ಎಳೆಯುವುದನ್ನು ನೋಡಲು ಸಾವಿರಾರು ಮಂದಿ ಸೇರುತ್ತಾರೆ. ಎತ್ತಿಗೆ ವ್ಯಾಯಾಮ, ನಮಗೆ ಮಂಡಕ್ಕಿ-ಮಿರ್ಚಿ! ಕ್ರಿಕೆಟ್ ಪಂದ್ಯದ ಸಂಗತಿಯೂ ಅಷ್ಟೇ.

ಹಾಗಾದರೆ ಇದನ್ನು ಹಿತವಾಗಿಸುವುದು ಹೇಗೆ? ನನಗೆ ಎಲ್ಲಕ್ಕಿಂತ ಮಾರ್ಗದರ್ಶಕವಾಗಿ ಕಾಣುವುದು ಕುಬಾದ ಸುನ್ನತ್. ಪ್ರವಾದಿವರ್ಯರು(ಸ) ಪ್ರತಿ ಶನಿವಾರ ಕುಬಾ ಮಸೀದಿಗೆ ಹೋಗುತ್ತಿದ್ದರು, ಕೆಲವೊಮ್ಮೆ ಸವಾರಿಯಲ್ಲಿ, ಕೆಲವೊಮ್ಮೆ ಕಾಲ್ನಡಿಗೆಯಲ್ಲಿ. ಮಸ್ಜಿದುನ್ನಬವಿಯಿಂದ ಅಲ್ಲಿಗೆ ಮೂರೂವರೆ ಕಿಲೋಮೀಟರಿನಷ್ಟು ದೂರ. ಇದು ಆರಾಧನೆಗಾಗಿ ಹೋದದ್ದು, ವ್ಯಾಯಾಮಕ್ಕಾಗಿ ಅಲ್ಲವೆಂಬುದು ನಿಜ. ಆದರೆ ಅದರ ರೀತಿಯನ್ನು ಗಮನಿಸಿರಿ. ದಿನ ನಿಶ್ಚಿತ, ದಾರಿ ನಿಶ್ಚಿತ, ದಾರಿಯ ಕೊನೆಯಲ್ಲಿ ಮನಸ್ಸಿಗೆ ಪ್ರಿಯವಾದ ಒಂದು ಸ್ಥಳ. ನಡೆದೇ ಹೋಗಬೇಕೆಂಬ ಹಟವೂ ಇಲ್ಲ, ಒಂದು ವಾರ ಸವಾರಿಯಲ್ಲಿ ಹೋದರೆ ಕ್ರಮ ತಪ್ಪಿತೆಂದು ಬಿಟ್ಟುಬಿಡುವುದೂ ಇಲ್ಲ. ಎಲ್ಲಿಗೂ ಹೋಗದೆ ಮೈದಾನದ ಸುತ್ತ ಗಾಣದ ಎತ್ತಿನಂತೆ ಸುತ್ತುವುದು ಬೇಸರವಾದರೆ ಅದರಲ್ಲಿ ಆಶ್ಚರ್ಯವೇನು? ಕಾಲಿಗೆ ಒಂದು ಗುರಿ ಕೊಡಿರಿ. ಬನೂ ಸಲಿಮಾ ಗೋತ್ರದವರು ದೂರವಾಗುತ್ತದೆಂದು ಮಸೀದಿಯ ಬಳಿಗೆ ಮನೆ ಬದಲಾಯಿಸಲು ಹೊರಟಾಗ, ಇದ್ದಲ್ಲಿಯೇ ಇರಿ, ನಿಮ್ಮ ಹೆಜ್ಜೆಗಳು ದಾಖಲಾಗುತ್ತವೆ ಎಂಬ ಸಂತೋಷದ ವಾರ್ತೆ ಅವರಿಗೆ ದೊರೆಯಿತು. ನಾವಾದರೋ ಓಣಿಯ ತಿರುವಿನ ಮಸೀದಿಗೂ ಬೈಕನ್ನು ಒದ್ದು ಹೊರಡುತ್ತೇವೆ.

ರಾಯಚೂರಿನವರಿಗೆ ಗುರಿಗಳ ಬರವಿಲ್ಲ. 1294ರ ಶಾಸನವಿರುವ ಕೋಟೆಯ ಗೋಡೆಯಿದೆ. ಆ ಶಾಸನದ ಕಲ್ಲು ಒಂದೇ ತುಂಡು, 41 ಅಡಿಗೂ ಹೆಚ್ಚು ಉದ್ದ, ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲಿಯೇ ಗೋಡೆಯ ಮೇಲೆ ಕೊರೆದಿದ್ದಾರೆ. ಮಕ್ಕಳನ್ನು ನಡೆಸಿಕೊಂಡು ಹೋಗಿ ತೋರಿಸಿರಿ, ಕತೆ ಕೇಳುವ ಆಸೆಗೆ ಅವು ದೂರವನ್ನೇ ಮರೆಯುತ್ತವೆ. ಕೋಟೆಯ ಬೆಟ್ಟವನ್ನು ನಿಧಾನವಾಗಿ ಹತ್ತಿ ಇಳಿಯುವುದು ಯಾವ ಜಿಮ್ಮಿನ ಯಂತ್ರಕ್ಕೆ ಕಡಿಮೆ? 1513ರ ಏಕ ಮಿನಾರ್ ಮಸೀದಿ ಇದೆ, ಅದರ ಮಿನಾರ ಸುಮಾರು 65 ಅಡಿ. ಮಿನಾರಗಳನ್ನು ಕಟ್ಟಿದ್ದೇ ಹತ್ತಿ ಅಝಾನ್ ಕೊಡಲಿಕ್ಕೆ. ಐದು ಹೊತ್ತು ಮೆಟ್ಟಿಲೇರುತ್ತಿದ್ದ ಹಿಂದಿನ ಮುಅದ್ದಿನರು ನಡಿಗೆಯ ಗಡಿಯಾರವನ್ನು ಕೈಗೆ ಕಟ್ಟಿಕೊಂಡಿರಲಿಲ್ಲ. ಮಾನ್ವಿಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಹಸಿರು ಗದ್ದೆಗಳ ಬದುಗಳಿವೆ, ಮುಂಜಾನೆಯ ತಂಪು ಅಲ್ಲಿ ಸಿಕ್ಕುವಷ್ಟು ನಮ್ಮ ನಗರದಲ್ಲಿ ಸಿಕ್ಕದು. ದೇವದುರ್ಗದವರಿಗೆ ಏರುತಗ್ಗಿನ ದಾರಿಗಳಿವೆ.

ಜೊತೆಗಾರ ಬೇಕು. ಒಬ್ಬನೇ ಹೊರಟವನಿಗೆ ಹಾಸಿಗೆ ಸುಲಭವಾಗಿ ಜಯಿಸುತ್ತದೆ, ಬಾಗಿಲಲ್ಲಿ ಗೆಳೆಯ ಕಾಯುತ್ತಿದ್ದರೆ ಹಾಸಿಗೆ ಸೋಲುತ್ತದೆ. ಫಜ್ರ್ ಜಮಾಅತ್‌ನಿಂದ ನೇರವಾಗಿ ಹೊರಡುವವರ ಗುಂಪಿಗೆ ಬೇರೆ ಸಂಘಟನೆಯೇ ಬೇಡ, ಎಬ್ಬಿಸುವ ಕೆಲಸವನ್ನು ಅಝಾನ್ ಆಗಲೇ ಮಾಡಿದೆ. ದಾರಿಯಲ್ಲಿ ಹಾಸಿಗೆ ಹಿಡಿದವರೊಬ್ಬರ ಮನೆಯಿದ್ದರೆ ಅಂದಿನ ನಡಿಗೆ ಅಲ್ಲಿಗೇ ಆಗಲಿ. ರೋಗಿಯ ಸಂದರ್ಶನ, ಗೆಳೆಯನ ಸಹವಾಸ, ದೇಹದ ಆರೋಗ್ಯ ಮೂರೂ ಒಂದೇ ದಾರಿಯಲ್ಲಿ ಸಿಕ್ಕುತ್ತವೆ. ಮೊಹಲ್ಲಾದ ರಾಜಕೀಯ ಮತ್ತು ಪರನಿಂದೆಯನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬನ್ನಿರಿ. ಅವುಗಳಿಂದ ನಡಿಗೆ ಹಗುರಾಗುತ್ತದೆಂದು ತೋರುತ್ತದೆ, ಕರ್ಮಗಳ ಗ್ರಂಥವಾದರೋ ಭಾರವಾಗುತ್ತದೆ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸಿದೆ. ವಾರಕ್ಕೆ ಐದು ದಿನ ಅರ್ಧ ಗಂಟೆ ಎಂದರೆ ಅಷ್ಟಾಯಿತು. ಅದನ್ನು ಒಂದೇ ಬಾರಿಗೆ ಮುಗಿಸಬೇಕೆಂದಿಲ್ಲ, ಐದು ನಿಮಿಷದ ನಡಿಗೆಯೂ ಲೆಕ್ಕಕ್ಕೆ ಬರುತ್ತದೆ. ಜೊತೆಗಾರನೊಂದಿಗೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು, ಆ ವೇಗ ಸಾಕು. ಪ್ರವಾದಿವರ್ಯರ(ಸ) ನಡಿಗೆ ಇಳಿಜಾರಿನಲ್ಲಿ ಇಳಿಯುವವರಂತೆ ಚುರುಕಾಗಿತ್ತೆಂದು ಹ. ಅಲಿ(ರ)ರು ವರ್ಣಿಸಿದ್ದಾರೆ. ದಿನಕ್ಕೆ 10,000 ಹೆಜ್ಜೆ ಹಾಕಲೇಬೇಕೆಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಅದು 1965ರಲ್ಲಿ ಜಪಾನಿನ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ ಹುಟ್ಟಿದ ಸಂಖ್ಯೆ. ಅದನ್ನು ತಲುಪಲಿಲ್ಲವೆಂದು ಕೊರಗುವ ಅಗತ್ಯವಿಲ್ಲ. ಮೊದಲ ತಿಂಗಳು ದಿನಕ್ಕೆ ಹತ್ತೇ ನಿಮಿಷ ನಡೆಯಿರಿ. ಇನ್ನಷ್ಟು ನಡೆಯುವ ಆಸೆ ಉಳಿದಿರುವಾಗಲೇ ಮನೆಗೆ ಮರಳಿರಿ. ಆ ಉಳಿದ ಆಸೆಯೇ ನಾಳೆ ನಿಮ್ಮನ್ನು ಎಬ್ಬಿಸುತ್ತದೆ.

ನಮ್ಮ ಬಿಸಿಲಿನ ಬಗ್ಗೆ ಎರಡು ಮಾತು. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರಿನ ತಾಪ 40 ಡಿಗ್ರಿಯನ್ನು ದಾಟುವುದು ಹೊಸತಲ್ಲ. ಬಿಸಿಲು ತೀವ್ರವಾದಾಗ ಝುಹರ್ ನಮಾಝನ್ನೇ ತಂಪಾಗುವವರೆಗೆ ತಡಮಾಡಲು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಹೀಗಿರುವಾಗ ಬೆಳಿಗ್ಗೆ ಒಂಬತ್ತರ ಸುಡು ಬಿಸಿಲಿನಲ್ಲಿ ಓಡುವುದು ಶೌರ್ಯವಲ್ಲ. ಫಜ್ರ್‌ನ ನಂತರ ಅಥವಾ ಇಶಾದ ನಂತರ ಹೊರಡಿರಿ, ಹೊರಡುವ ಮುನ್ನ ನೀರು ಕುಡಿಯಿರಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಲೇಬೇಡಿರಿ. ಪಾದದ ಸ್ಪರ್ಶ ಕುಂದಿದವರಿಗೆ ಕಾದ ನೆಲ ಸುಟ್ಟದ್ದೂ, ಕಲ್ಲು ಚುಚ್ಚಿದ್ದೂ ತಿಳಿಯುವುದಿಲ್ಲ. ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಆರಂಭಿಸಲಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಯೇ ನಿಲ್ಲಿಸಲಿ.

ನಡುವೆ ಬಿಟ್ಟುಹೋಗುವುದುಂಟು. ಮದುವೆ, ಮಳೆ, ಜ್ವರ, ಮಕ್ಕಳ ಪರೀಕ್ಷೆ, ಏನಾದರೊಂದು ಅಡ್ಡ ಬರುತ್ತದೆ. ರಮಝಾನ್‌ನಲ್ಲಂತೂ ದಿನಚರಿಯೇ ಬದಲಾಗುತ್ತದೆ. ಆ ತಿಂಗಳಲ್ಲಿ ಹೆಚ್ಚೇನೂ ಬೇಡ, ತರಾವೀಹ್ ಮುಗಿಸಿ ದೂರದ ದಾರಿಯಲ್ಲಿ ನಡೆದು ಮನೆಗೆ ಬಂದರೆ ಸಾಕು. ಈದ್‌ನ ದಿನ ಈದ್‌ಗಾಹ್‌ಗೆ ನಡೆದೇ ಹೋಗಿರಿ, ಮರಳುವಾಗ ಬೇರೆ ದಾರಿ ಹಿಡಿಯುವುದು ಸುನ್ನತ್ ಎಂಬುದು ನಿಮಗೆ ತಿಳಿದೇ ಇದೆ. ಆ ಎರಡನೆಯ ದಾರಿಯಲ್ಲಿ, ನಿಮ್ಮಂತೆಯೇ ನಡಿಗೆ ನಿಲ್ಲಿಸಿ ಕುಳಿತ ಗೆಳೆಯನ ಮನೆಯಿದ್ದರೆ ಬಾಗಿಲು ತಟ್ಟಿ, ಶೀರ್ ಖುರ್ಮಾ ಕುಡಿದು, ಮರುದಿನ ಫಜ್ರ್ ನಂತರ ಮಸೀದಿಯ ಮೆಟ್ಟಿಲ ಬಳಿ ಕಾಯುತ್ತೇನೆಂದು ಹೇಳಿ ಬನ್ನಿರಿ.